ರಾಕ್ ಗಾರ್ಡನ್‌ಗೆ ಹೊರಟಿದ್ದೇವೆ, ಮಗ ಬಿಳಿ ಅನ್ನ ಬಿಟ್ಟು ಏನೂ ಮುಟ್ಟಲ್ಲ: ಊಟ ಎಲ್ಲಿ ಮಾಡಿಸೋದು?

ಪ್ರಶ್ನೆ: ದಸರಾ ರಜೆಯಲ್ಲಿ ಒಂದು ದಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಆಮೇಲೆ ಬೆಂಗಳೂರಿಗೆ ಹೋಗಿ ಬಿಡದಿಯ ವಂಡರ್‌ಲಾ ನೋಡುವ ಯೋಚನೆ ಇದೆ. ಮಗನಿಗೆ ನಾಲ್ಕು ವರ್ಷ. ಬಿಳಿ ಅನ್ನ, ಮೊಸರು, ಇಡ್ಲಿ, ಬಿಸ್ಕಿಟ್, ಇಷ್ಟೇ ಅವನ ಊಟ. ಅನ್ನದಲ್ಲಿ ಒಂದು ಸಾಸಿವೆ ಕಾಳು ಕಂಡರೂ ತಾಟು ದೂಡುತ್ತಾನೆ. ಇಂಥವನಿಗೆ ಎಂಥ ಹೋಟೆಲ್ ಹುಡುಕಬೇಕು? ಹುಬ್ಬಳ್ಳಿಯ ವಿದ್ಯಾನಗರದಿಂದ ಒಬ್ಬ ತಾಯಿ.

ಉತ್ತರ: ಹೋಟೆಲ್‌ಗಳ ಹೆಸರಿನ ಪಟ್ಟಿ ನಾನು ಕೊಡುವುದಿಲ್ಲ, ಬೇಜಾರಾಗಬೇಡಿ. ಹೋದ ವರ್ಷ ಚೆನ್ನಾಗಿದ್ದ ಹೋಟೆಲ್‌ನಲ್ಲಿ ಈ ವರ್ಷ ಅಡುಗೆಭಟ್ಟರೇ ಬದಲಾಗಿರುತ್ತಾರೆ. ಹೆಸರಿಗಿಂತ ಎರಡು ವಿಷಯ ಮುಖ್ಯ. ನೀವು ಒಳಗೆ ಕಾಲಿಡುವ ಹೊತ್ತಿಗೆ ಆ ಅಡುಗೆಮನೆಯಲ್ಲಿ ಏನು ತಯಾರಿರುತ್ತದೆ ಅನ್ನೋದು ಒಂದು. ಗಲ್ಲಾದಲ್ಲಿ ಕೂತವರನ್ನು ನೀವು ಏನಂತ ಕೇಳುತ್ತೀರಿ ಅನ್ನೋದು ಇನ್ನೊಂದು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಮಗಳಿಗೆ ಮೂರೂವರೆ ವರ್ಷವಿದ್ದಾಗ ಹೈವೇ ಬದಿಯ ಒಂದು ದೊಡ್ಡ ಹೋಟೆಲ್‌ಗೆ ಹೋಗಿದ್ದೆವು. ಹೊರಗೆ ಜಾರುಬಂಡಿ, ಉಯ್ಯಾಲೆ. ಒಳಗೆ ಏಸಿ. ಮೆನುವಿನಲ್ಲಿ ಮಕ್ಕಳಿಗೇ ಅಂತ ಒಂದು ಪುಟ. ಪಾಸ್ತಾ ಹೇಳಿದೆವು. ಅದು ಬರೋದಕ್ಕೆ ನಲವತ್ತು ನಿಮಿಷ ಆಯಿತು. ಅಷ್ಟರಲ್ಲಿ ಅವಳು ಟೇಬಲ್ ಮೇಲಿದ್ದ ಸಕ್ಕರೆ ಪೊಟ್ಟಣ ಎರಡು ಖಾಲಿ ಮಾಡಿ, ನನ್ನ ತೋಳಿಗೆ ಒರಗಿ ನಿದ್ದೆ ಹೋಗಿದ್ದಳು. ಎಬ್ಬಿಸಿದರೆ ಅಳು. ಪಾಸ್ತಾ ಮೇಲೆ ಹಸಿರು ಪುಡಿ ಉದುರಿಸಿದ್ದರು, ಅದನ್ನು ನೋಡಿ ಮತ್ತೊಂದು ಸುತ್ತು ಅಳು. ಕೊನೆಗೆ ಅದನ್ನು ಅವಳ ಅಪ್ಪ ತಿಂದರು.

ಮರುದಿನ ಮಧ್ಯಾಹ್ನ ಊರೊಳಗಿನ ಸಣ್ಣ ಖಾನಾವಳಿಗೆ ಹೋದೆವು. ನಾಲ್ಕೇ ಟೇಬಲ್. ಬಡಿಸುತ್ತಿದ್ದ ಅಕ್ಕ ಮಗಳನ್ನು ನೋಡಿ, "ಕೂಸಿಗೇನ್ ಕೊಡ್ಲಿರಿ?" ಅಂದರು. "ಬರೇ ಅನ್ನ ಹಾಕ್ರಿ ಅಕ್ಕಾರ, ಮ್ಯಾಲೆ ಏನೂ ಬ್ಯಾಡ. ಮೊಸರು ಬ್ಯಾರೆ ಬಟ್ಟಲದಾಗ ಕೊಡ್ರಿ" ಅಂದೆ. ಎರಡು ನಿಮಿಷದಲ್ಲಿ ಬಿಸಿ ಅನ್ನ ಬಂತು. ಅಂಚಿನಲ್ಲಿ ಒಂದು ಚಮಚ ತುಪ್ಪ, ನಾವು ಕೇಳಿರಲೇ ಇಲ್ಲ. ಮಗಳು ಮೊದಲು ಅನ್ನವನ್ನು ಬೆರಳಿನಿಂದ ಕೆದರಿ ನೋಡಿದಳು, ಕರಿ ಚುಕ್ಕೆ ಇದೆಯಾ ಅಂತ. ಇರಲಿಲ್ಲ. ಸುಮ್ನೆ ತಿಂದಳು.

ಹಾಗಾಗಿ ಜಾರುಬಂಡಿ ನೋಡಿ ಹೋಟೆಲ್ ಆರಿಸಬೇಡಿ. ಅನ್ನದ ಪಾತ್ರೆ ಒಲೆಯಿಂದ ಇಳಿದಿರುವ ಜಾಗ ಆರಿಸಿ.

ಈಗ ಖಾರದ ಮಾತು. ನಮ್ಮ ಕಡೆ "ಖಾರ ಐತೇನ್ರಿ?" ಅಂತ ಕೇಳೋದರಲ್ಲಿ ಅರ್ಥವಿಲ್ಲ. "ಏನ್ ಖಾರ ಇಲ್ರಿ, ತಿನ್ರಿ" ಅಂತಲೇ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಖಾರಕ್ಕೇ ಹೆಸರಾದ ಸಾವಜಿ ಊಟ ಉಂಡು ಬೆಳೆದ ನಾಲಿಗೆಗೆ ಅದು ನಿಜವಾಗಿಯೂ ಖಾರವಲ್ಲ. ಇದರಲ್ಲಿ ಇನ್ನೊಂದು ಗಮ್ಮತ್ತಿದೆ. ಕೆಂಪಗಿದ್ದದ್ದೆಲ್ಲ ಖಾರ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಆದರೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೇ ಬಣ್ಣದಿಂದ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಪಡೆದ ಈ ಕಾಯಿಯಲ್ಲಿ ಕೆಂಪು ಜಾಸ್ತಿ, ಖಾರ ಕಡಿಮೆ. ಅದನ್ನು ಹಾಕಿದ ಸಾರು ನೋಡಲು ಬೆಂಕಿ, ನಾಲಿಗೆಗೆ ಅಷ್ಟಿಲ್ಲ. ಮಕ್ಕಳನ್ನು ನಿಜಕ್ಕೂ ಕೆಡಿಸೋದು ಇಡ್ಲಿ ಜೊತೆ ಬರುವ ಬಿಳಿ ಚಟ್ನಿ. ಅದರಲ್ಲಿ ಹಸಿಮೆಣಸಿನಕಾಯಿ ರುಬ್ಬಿರುತ್ತಾರೆ. ಉಪ್ಪಿಟ್ಟಿನಲ್ಲೂ ಅದೇ ಕಾಯಿ. ಬಿಳಿ ಅಂತ ನಂಬಿ ಬಾಯಿಗಿಟ್ಟ ಮಗು ಒಂದು ಸಲ ಉರಿ ತಿಂದರೆ, ಆಮೇಲೆ ಬಿಳಿ ಬಣ್ಣದ್ದನ್ನೂ ನಂಬುವುದಿಲ್ಲ. ಪ್ರವಾಸದ ಮೊದಲ ದಿನವೇ ಹೀಗಾದರೆ ಉಳಿದ ದಿನ ಬಿಸ್ಕಿಟ್ಟೇ ಗತಿ.

ಅದಕ್ಕೇ ಖಾರ ಅನ್ನುವ ಪದವನ್ನೇ ಬಿಟ್ಟು, ಬೇಕಾದದ್ದನ್ನು ಹೆಸರು ಹಿಡಿದು ಕೇಳಿ. "ಇಡ್ಲಿ ಅಷ್ಟ ಕೊಡ್ರಿ, ಚಟ್ನಿ ಸಾಂಬಾರ್ ತಾಟಿನ್ಯಾಗ ಹಾಕಬ್ಯಾಡ್ರಿ." "ಮೊಸರನ್ನ ಬ್ಯಾಡ, ಅನ್ನ ಮೊಸರು ಬ್ಯಾರೆ ಬ್ಯಾರೆ." ಹೋಟೆಲ್ ಮೊಸರನ್ನಕ್ಕೆ ಒಗ್ಗರಣೆ ಬಿದ್ದೇ ಇರುತ್ತದೆ, ಸಾಸಿವೆ ಕರಿಬೇವು ಆರಿಸುತ್ತಾ ಕೂತರೆ ಸಂಜೆಯಾಗುತ್ತದೆ. ಖಾನಾವಳಿಯಲ್ಲಿ ಪಲ್ಯ, ಕಾಳು ಯಾವುದೂ ನಿಮ್ಮ ಮಗನಿಗೆ ಆಗಲಿಕ್ಕಿಲ್ಲ. ಬಿಸಿ ಚಪಾತಿಗೆ ತುಪ್ಪ ಸಕ್ಕರೆ ಸವರಿ ಸುತ್ತಿ ಕೊಟ್ಟು ನೋಡಿ. ಕಟಕ್ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ತಿನ್ನುವ ಮಕ್ಕಳೂ ಇದ್ದಾರೆ.

ಇನ್ನು ಹೊತ್ತು. ಇದರಲ್ಲಿ ಎಡವುವವರೇ ಜಾಸ್ತಿ. ನಮ್ಮ ಸಣ್ಣ ಊರುಗಳ ಹೋಟೆಲ್‌ಗಳಲ್ಲಿ ಇಡ್ಲಿ ಬೆಳಗಿನ ತಿಂಡಿ. ಹನ್ನೊಂದರ ಮೇಲೆ ಕೇಳಿದರೆ "ಮುಗದೈತ್ರಿ" ಅಂತಾರೆ. ಮಧ್ಯಾಹ್ನ ಊಟ. ನಾಲ್ಕರ ಮೇಲೆ ಗಿರ್ಮಿಟ್, ಮಿರ್ಚಿ, ಭಜಿ. ನಡುವೆ ಮೂರರಿಂದ ನಾಲ್ಕೂವರೆ ತನಕ ಒಂದು ಗಂಡಾಂತರದ ವೇಳೆ ಇದೆ. ಅನ್ನ ಖಾಲಿಯಾಗಿರುತ್ತದೆ, ಎಣ್ಣೆ ಕಾಯುತ್ತಿರುತ್ತದೆ, ಮಗುವಿಗೆ ಕೊಡುವಂಥದ್ದು ಏನೂ ಇರುವುದಿಲ್ಲ. ನಾವು ದೊಡ್ಡವರು "ಎಲ್ಲಾ ನೋಡಿಕೊಂಡೇ ಉಂಡರಾಯ್ತು" ಅಂತ ಸರಿಯಾಗಿ ಅದೇ ಹೊತ್ತಿಗೆ ಹೊರಗೆ ಬರುತ್ತೇವೆ.

ಗೊಟಗೋಡಿ ಇರೋದು ಶಿಗ್ಗಾಂವಿ ತಾಲ್ಲೂಕಿನಲ್ಲಿ, ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವ 48ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯ ಬದಿಗೇ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಆ ಜಾಗದಲ್ಲಿ ಆಳೆತ್ತರದ ಸಿಮೆಂಟ್ ಮನುಷ್ಯರು, ದನಕರು, ಹಳ್ಳಿಯ ಮನೆಗಳು. ನಾಲ್ಕು ವರ್ಷದವನು ಪ್ರತಿ ಎಮ್ಮೆಯನ್ನೂ ಮುಟ್ಟಿ ನೋಡಬೇಕಲ್ವಾ? ಎರಡು ಮೂರು ತಾಸು ಗ್ಯಾರಂಟಿ. ಬೆಳಿಗ್ಗೆ ಹುಬ್ಬಳ್ಳಿಯಲ್ಲೇ ಇಡ್ಲಿ ತಿನ್ನಿಸಿ, ಇನ್ನು ನಾಲ್ಕು ಇಡ್ಲಿ ಚಟ್ನಿ ಇಲ್ಲದೆ ಪಾರ್ಸಲ್ ಕಟ್ಟಿಸಿಕೊಳ್ಳಿ. ಹನ್ನೊಂದೂವರೆಗೆ ಎಲ್ಲಾದರೂ ನೆರಳಿನಲ್ಲಿ ಒಂದು ಇಡ್ಲಿ. ಹನ್ನೆರಡೂವರೆಗೆ, ನಿಮಗೆ ಹಸಿವಿಲ್ಲದಿದ್ದರೂ, ಊಟಕ್ಕೆ ಏಳಿ. ಆಗ ಅನ್ನ ಬಿಸಿ, ಹೋಟೆಲ್ ಖಾಲಿ, ಬಡಿಸುವವರಿಗೆ ನಿಮ್ಮ ಮಾತು ಕೇಳುವ ಪುರುಸೊತ್ತೂ ಇರುತ್ತದೆ. ಈ ವಯಸ್ಸಿನ ಮಕ್ಕಳಿಗೆ ಎರಡು ಮೂರು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಬೇಕು. ಹಸಿವಿನ ಹೊತ್ತು ದಾಟಿ ಬಿಸಿಲಿನಲ್ಲಿ ದಣಿದವರಿಗೆ ಅಮೃತ ಕೊಟ್ಟರೂ ಸೇರುವುದಿಲ್ಲ.

"ಇವನು ಹೀಗೇಕೆ?" ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಎರಡರಿಂದ ಆರು ವರ್ಷದೊಳಗೆ ಹೊಸ ತಿನಿಸಿಗೆ ಹೆದರೋದು ತೀರಾ ಸಾಮಾನ್ಯ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರು ಪಟ್ಟು ಆಗುತ್ತದೆ. ಎರಡು ದಾಟಿದ ಮೇಲೆ ವರ್ಷಕ್ಕೆ ಸುಮಾರು 2 ಕಿಲೋ ಅಷ್ಟೇ ಏರೋದು. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯುತ್ತದೆ. ಒಂದು ಹೊಸ ರುಚಿ ಒಗ್ಗಬೇಕಾದರೆ ಹತ್ತು ಹದಿನೈದು ಸಲ ಅದು ತಾಟಿನಲ್ಲಿ ಕಾಣಿಸಿಕೊಳ್ಳಬೇಕಾಗಬಹುದು. ಆ ಹತ್ತು ಹದಿನೈದು ಸಲ ಮನೆಯಲ್ಲಿ ಆಗಲಿ. ಮೂರು ದಿನದ ಪ್ರವಾಸದಲ್ಲಿ ಅವನಿಗೆ ಬದನೆಕಾಯಿ ಕಲಿಸಲು ಹೋಗಬೇಡಿ. ಜೊತೆಗೆ ಬರುವ ಅತ್ತೆಯವರಿಗೂ ಇದನ್ನು ಮೊದಲೇ ಹೇಳಿಡಿ, ಟೇಬಲ್ ಮುಂದೆ ಹೇಳಿದರೆ ಬೇರೆ ಕಥೆ ಶುರುವಾಗುತ್ತದೆ. ಆದರೆ ತೂಕ ಇಳಿಯುತ್ತಿದ್ದರೆ, ನುಂಗುವಾಗ ಕಷ್ಟಪಡುತ್ತಿದ್ದರೆ, ತಿನ್ನುತ್ತಿದ್ದ ನಾಲ್ಕರಲ್ಲಿ ಒಂದೊಂದೇ ಬಿಡುತ್ತಾ ಬಂದರೆ, ಮಕ್ಕಳ ಡಾಕ್ಟರಿಗೆ ತೋರಿಸಿ.

ಊಟಕ್ಕೆ ಮುಂಚೆ ಧಾರವಾಡ ಪೇಢೆಯ ಲಂಚ ಬೇಡ. ಜ್ಯೂಸ್ ಡಬ್ಬಿಯೂ ಬೇಡ. ಎರಡೂ ಇರುವ ಚೂರು ಹಸಿವನ್ನೂ ಕೊಲ್ಲುತ್ತವೆ. ದಾರಿಯಲ್ಲಿ ಚೂಡಾ ಕೊಡುವುದಾದರೆ ಶೇಂಗಾ ಆರಿಸಿ ತೆಗೆದು, ಕೂರಿಸಿ ಕೊಡಿ. ಈ ವಯಸ್ಸಿನವರು ಓಡುತ್ತಾ ಇಡೀ ಶೇಂಗಾ ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇದೆ. ಪಾಪ್‌ಕಾರ್ನ್‌ದೂ ಅದೇ ಕಥೆ.

ಬಿಡದಿಯ ವಿಷಯದಲ್ಲಿ ನೀವು ಅದೃಷ್ಟವಂತರು. ತಟ್ಟೆ ಇಡ್ಲಿಗೆ ಹೆಸರಾದ ಊರು ಅದು. ಅಂಗೈಗಿಂತ ಅಗಲ, ಹತ್ತಿಯಂಥ ಬಿಳಿ ಇಡ್ಲಿ. ನಿಮ್ಮ ಮಗನಿಗೆ ಅಂತಲೇ ಮಾಡಿದಂತಿದೆ. ಪಾರ್ಕಿನ ಗೇಟಿಗೆ ಹೋಗುವ ಮುಂಚೆಯೇ ಹೊಟ್ಟೆ ತುಂಬಿಸಿ. ಇಂಥ ದೊಡ್ಡ ಪಾರ್ಕುಗಳು ಸಾಮಾನ್ಯವಾಗಿ ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಪುಟ್ಟ ಮಕ್ಕಳ ಡಬ್ಬಿಗೆ ಏನು ನಿಯಮ ಅಂತ ಟಿಕೆಟ್ ತೆಗೆಯುವಾಗಲೇ ಫೋನ್ ಮಾಡಿ ಕೇಳಿಕೊಳ್ಳಿ. ಒಳಗೆ ಹೋದ ಮೇಲೆ ಮತ್ತೆ ಅದೇ ಪ್ರಶ್ನೆ: ಬರೇ ಅನ್ನ, ಬರೇ ಮೊಸರು ಸಿಗುತ್ತದಾ? ನೀರಾಟಕ್ಕೆ ಇಳಿಯುವ ಮುಂಚೆ ಕೇಳಿ. ಒದ್ದೆ ಬಟ್ಟೆಯಲ್ಲಿ ನಡುಗುತ್ತಿರುವವನನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಯೂ ನಿಲ್ಲೋದು ಯಾರಿಗೂ ಬೇಡ.

ಹಾಂ, ಮನೆಯಿಂದ ಅವನ ಬಟ್ಟಲು, ಅವನ ಚಮಚ ಒಯ್ಯಿರಿ. ಹೋಟೆಲ್ ಚಮಚ ಆ ಬಾಯಿಗೆ ದೊಡ್ಡದು. ನನ್ನ ಮಗಳು ಆ ಖಾನಾವಳಿಯಲ್ಲಿ ಕೈಯಲ್ಲೇ ಉಂಡಳು ನಿಜ, ಆದರೆ ಮೊಸರೆಲ್ಲ ಮೊಣಕೈ ತನಕ ಇಳಿದಿತ್ತು.