ಪ್ರಾಜೆಕ್ಟ್ ಮುಗಿದ ಮೇಲೆ ಲೆಕ್ಕ ನೋಡುವುದು ಹೇಗೆ?

ಪ್ರಶ್ನೆ: ನಮ್ಮದು ಬೇಕರಿ. ಹೋದ ವರ್ಷ ಎರಡನೇ ಅಂಗಡಿ ತೆರೆದೆವು. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಖರ್ಚಾಯಿತು, ತಡವೂ ಆಯಿತು. ಆದರೆ ಈಗ ವ್ಯಾಪಾರ ಚೆನ್ನಾಗಿದೆ. ಇದು ಗೆದ್ದ ಹಾಗೋ, ಸೋತ ಹಾಗೋ?

ಇದು ಒಂದು ಪ್ರಶ್ನೆಯಲ್ಲ, ಎರಡು. ಕೆಲಸ ಸರಿಯಾಗಿ ನಡೆಯಿತಾ ಅನ್ನುವುದು ಒಂದು. ಆ ಕೆಲಸದಿಂದ ಉಪಯೋಗ ಆಯಿತಾ ಅನ್ನುವುದು ಇನ್ನೊಂದು. ದಯವಿಟ್ಟು ಎರಡನ್ನೂ ಬೆರೆಸಬೇಡಿ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಸಂಗೀತ, ನಾಟಕಗಳ ಕಟ್ಟಡ ಒಪೆರಾ ಹೌಸ್ ನೋಡಿ. ಮೊದಲ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, ಮುಗಿಯಬೇಕಾಗಿದ್ದು 1963ರಲ್ಲಿ. ಬಾಗಿಲು ತೆರೆದದ್ದು 1973ರಲ್ಲಿ, ಖರ್ಚು 10.2 ಕೋಟಿ ಡಾಲರ್. ಅವತ್ತು ಲೆಕ್ಕ ಹಾಕಿದವರಿಗೆ ಅದು ದೊಡ್ಡ ಸೋಲು. 2007ರಲ್ಲಿ ಅದೇ ಕಟ್ಟಡ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹಾಗಂತ ಹತ್ತು ವರ್ಷ ತಡವಾಗಿದ್ದನ್ನು ಮರೆಯೋಣವಾ? ಖಂಡಿತ ಬೇಡ. ಚಾವಣಿಯ ವಿನ್ಯಾಸ ಪೂರ್ತಿಯಾಗುವ ಮೊದಲೇ 1959ರಲ್ಲಿ ಕೆಲಸ ಶುರು ಮಾಡಿದ್ದರು. ಕೆಳಗೆ ಕಟ್ಟಿದ ಕಂಬಗಳು ಆ ಚಾವಣಿಯ ಭಾರ ತಡೆಯುವಂತಿರಲಿಲ್ಲ, ಮತ್ತೆ ಕಟ್ಟಬೇಕಾಯಿತು. ಕಟ್ಟಡ ಎಷ್ಟೇ ಹೆಸರು ಮಾಡಲಿ, ಈ ಪಾಠ ಬೇರೆಯೇ.

ನಿಮ್ಮ ಅಂಗಡಿಗೂ ಹಾಗೇ ನೋಡಿ. ಕೆಲಸ ಸರಿಯಾಗಿ ನಡೆಯಿತಾ ಅನ್ನುವ ಮೊದಲನೇ ಪ್ರಶ್ನೆಗೆ ನೆನಪನ್ನು ನಂಬಬೇಡಿ, ಯಾಕೆಂದರೆ ಕೆಲಸ ಮುಗಿದ ಮೇಲೆ ಎಲ್ಲರಿಗೂ 'ಇದು ನನಗೆ ಮೊದಲೇ ಗೊತ್ತಿತ್ತು' ಅನಿಸುತ್ತದೆ. ಸಾಲಕ್ಕೆ ಬ್ಯಾಂಕಿಗೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟ್ ಇದ್ದರೆ ಹೊರಗೆ ತೆಗೆಯಿರಿ. ಒವನ್, ಕರೆಂಟ್ ಕೆಲಸ, ಬಾಡಿಗೆ ಅಡ್ವಾನ್ಸ್, ಒಂದೊಂದರ ಪಕ್ಕದಲ್ಲೂ ನಿಜವಾಗಿ ಆದ ಖರ್ಚು ಬರೆಯಿರಿ. ಎಲ್ಲಿ ಜಾಸ್ತಿ ಆಯಿತೋ ಅಲ್ಲಿ ಯಾಕೆ ಅಂತ ಕೇಳಿ. 'ಮೇಸ್ತ್ರಿ ತಡ ಮಾಡಿದ' ಅನ್ನುವಲ್ಲಿಗೆ ನಿಲ್ಲಿಸಬೇಡಿ. ಒವನ್ ಅಳತೆ ಗೊತ್ತಾಗುವ ಮೊದಲೇ ಗೋಡೆ ಕಟ್ಟಿಸಿದಿರಾ? ಈ ಮಾತಿಗೆ ಕೆಲಸದವರನ್ನೂ ಕೂರಿಸಿಕೊಳ್ಳಿ, ಆದರೆ ತಪ್ಪು ಯಾರದು ಅಂತ ಶುರು ಮಾಡಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ.

ಉಪಯೋಗ ಆಯಿತಾ ಅನ್ನುವ ಎರಡನೇ ಪ್ರಶ್ನೆಯಲ್ಲಿ ಜನ ಮೋಸ ಹೋಗುವುದು ಜಾಸ್ತಿ. ಹೊಸ ಅಂಗಡಿಯಲ್ಲಿ ತಿಂಗಳಿಗೆ 3 ಲಕ್ಷ ವ್ಯಾಪಾರ ಅಂತ ಇಟ್ಟುಕೊಳ್ಳಿ. ಹಳೇ ಅಂಗಡಿಗೆ ಬರುತ್ತಿದ್ದ ಗಿರಾಕಿಗಳೇ ಇಲ್ಲಿಗೆ ಬಂದು, ಅಲ್ಲಿ 80 ಸಾವಿರ ಕಡಿಮೆಯಾಗಿದ್ದರೆ ನಿಮಗೆ ಹೊಸದಾಗಿ ಸಿಕ್ಕಿದ್ದು 2 ಲಕ್ಷ 20 ಸಾವಿರ ಮಾತ್ರ, ಅದೂ ಬರೀ ವ್ಯಾಪಾರ, ಲಾಭವಲ್ಲ. ಅದರಲ್ಲಿ ಮೈದಾ, ಬೆಣ್ಣೆ, ಸಂಬಳ, ಬಾಡಿಗೆ, ಸಾಲದ ಬಡ್ಡಿ ಕಳೆಯಬೇಕು. ಗಲ್ಲಾದಲ್ಲಿ ಕೂರುವ ಮನೆಯವರ ದುಡಿಮೆಗೂ ಒಂದು ಸಂಬಳ ಹಿಡಿಯಿರಿ. ಅದನ್ನು ಬಿಟ್ಟು ಲಾಭ ಅಂದರೆ ಅವರ ದುಡಿಮೆಗೆ ಬೆಲೆಯೇ ಇಲ್ಲ ಅಂದ ಹಾಗಲ್ವಾ?

ಈ ಎರಡನೇ ಲೆಕ್ಕಕ್ಕೆ ಪೂರ್ತಿ 12 ತಿಂಗಳು ಬೇಕು. ಡಿಸೆಂಬರ್‌ನ ಕೇಕ್ ವ್ಯಾಪಾರವೊಂದನ್ನೇ ನೋಡಿ ಮೂರನೇ ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ.