ಪ್ಲೇನಾರ್ ಟ್ರಾನ್ಸ್‌ಫಾರ್ಮರ್: ತೆಳು ತಾಮ್ರ ಇದ್ದರೂ ನಷ್ಟ ಯಾಕೆ?

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಓದಿನ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ: ಪ್ಲೇನಾರ್ ಟ್ರಾನ್ಸ್‌ಫಾರ್ಮರ್‌ನಲ್ಲಿ ತಂತಿಯ ಬದಲು ಪಿಸಿಬಿಯ (ಸರ್ಕ್ಯೂಟ್ ಬೋರ್ಡ್) ಚಪ್ಪಟೆ ತಾಮ್ರದ ಪದರಗಳೇ ವೈಂಡಿಂಗ್, ಅಂದರೆ ಸುರುಳಿ. ಆ ತಾಮ್ರ ಸ್ಕಿನ್ ಡೆಪ್ತ್‌ಗಿಂತ (ಹೆಚ್ಚು ಆವರ್ತನದಲ್ಲಿ ಪ್ರವಾಹ ಮೇಲ್ಮೈಯಿಂದ ಒಳಗಿಳಿಯುವ ಆಳ) ತೆಳುವಾಗಿಯೇ ಇದೆ, ಆದರೂ ವೈಂಡಿಂಗ್ ಯಾಕೆ ಇಷ್ಟು ಬಿಸಿಯಾಗುತ್ತದೆ?

500 ಕಿಲೋಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ ಸುಮಾರು 0.093 ಮಿ.ಮೀ. ಎರಡು ಔನ್ಸ್ ತಾಮ್ರದ (ಪಿಸಿಬಿ ತಾಮ್ರದ ದಪ್ಪವನ್ನು ಔನ್ಸ್‌ನಲ್ಲಿ ಹೇಳುವುದು ರೂಢಿ) ದಪ್ಪ 0.07 ಮಿ.ಮೀ. ಒಂದೇ ಪದರವಾದರೆ ಚಿಂತೆಯಿಲ್ಲ. ಆದರೆ ಪ್ರೈಮರಿಯ (ವಿದ್ಯುತ್ ಒಳಬರುವ ಸುರುಳಿ; ಹೊರಹೋಗುವುದು ಸೆಕೆಂಡರಿ) ನಾಲ್ಕೂ ಪದರಗಳನ್ನು ಒಟ್ಟಿಗೆ ಪೇರಿಸಿದರೆ, ಒಂದೊಂದು ಪದರ ದಾಟಿದಂತೆ ಕಾಂತಕ್ಷೇತ್ರ ಏರುತ್ತಾ ಹೋಗುತ್ತದೆ. ಕೊನೆಯ ಪದರವು ತನ್ನ ಕ್ಷೇತ್ರದ ಜೊತೆಗೆ ಉಳಿದ ಮೂರರ ಕ್ಷೇತ್ರದಲ್ಲೂ ಕೂತಿರುತ್ತದೆ; ಅದರ ಎರಡು ಮೈಗಳಲ್ಲಿ ಎದುರುಬದುರಾಗಿ ಸುಳಿ ಪ್ರವಾಹ ಹರಿಯುತ್ತದೆ. ಇದೇ ಪ್ರಾಕ್ಸಿಮಿಟಿ ಎಫೆಕ್ಟ್. ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಇದು.

ವೈಂಡಿಂಗ್‌ನ ಎಸಿ ನಷ್ಟಕ್ಕೆ ಡೋವೆಲ್ 1966ರಲ್ಲಿ ಕೊಟ್ಟ ಸೂತ್ರದಲ್ಲಿ ಲೆಕ್ಕ ಹಾಕಿ ನೋಡ್ರಿ. ನಾಲ್ಕು ಪದರ ಒಟ್ಟಿಗಿದ್ದಾಗ ಎಸಿ ರೋಧ ಡಿಸಿ ರೋಧದ ಸುಮಾರು 1.55 ಪಟ್ಟು. ಎರಡರ ನಾಲ್ಕು ನಾಲ್ಕು ಪದರಗಳನ್ನು ಪ್ರೈಮರಿ, ಸೆಕೆಂಡರಿ, ಪ್ರೈಮರಿ, ಸೆಕೆಂಡರಿ ಎಂದು ಹೆಣೆದು, ಪ್ರತಿ ಪದರದ ಆಂಪಿಯರ್-ಸುತ್ತು (ಪ್ರವಾಹ × ಸುತ್ತುಗಳ ಸಂಖ್ಯೆ) ಸಮವಾಗಿಟ್ಟರೆ 1.03 ಪಟ್ಟು ಮಾತ್ರ. ತಾಮ್ರ ಅಷ್ಟೇ, ಕ್ರಮ ಬೇರೆ!

ಇನ್ನು "ದಪ್ಪ ತಾಮ್ರ ಹಾಕೋಣ" ಎನ್ನುವವರಿಗೆ: ಹೆಣೆಯದೆ ನಾಲ್ಕು ಔನ್ಸ್‌ಗೆ ಹೋದರೆ ಡಿಸಿ ರೋಧ ಅರ್ಧಕ್ಕಿಳಿಯುತ್ತದೆ, ಆದರೆ ಎಸಿ ರೋಧ ಮೊದಲಿನ ಸುಮಾರು 2.7 ಪಟ್ಟಾಗುತ್ತದೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಲೇಬೇಕು.

ಹೆಣೆದದ್ದಕ್ಕೆ ಬೆಲೆಯೂ ಇದೆ. ಪ್ರೈಮರಿ-ಸೆಕೆಂಡರಿ ಮುಖಾಮುಖಿಯಾಗುವ ಜಾಗ ಒಂದರಿಂದ ಏಳಕ್ಕೇರುತ್ತದೆ. ಕೆಪಾಸಿಟೆನ್ಸ್ ಹೆಚ್ಚಿ ಕಾಮನ್-ಮೋಡ್ ನಾಯ್ಸ್‌ಗೆ (ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ ಗದ್ದಲ) ದಾರಿಯಾಗುತ್ತದೆ. ಹಾಗಾಗಿ ಪೂರ್ತಿ ಹೆಣೆಯುವುದೇ ಸರಿ ಎಂದು ನಾನು ಹೇಳಲಾರೆ.

ಕೋರ್ (ಸುರುಳಿಯ ನಡುವಿನ ಕಾಂತೀಯ ತಿರುಳು) ನಷ್ಟವನ್ನು ಆವರ್ತನ, ಫ್ಲಕ್ಸ್‌ಗಳಿಂದ ಅಂದಾಜಿಸುವ ಸ್ಟೈನ್‌ಮೆಟ್ಜ್ ಸೂತ್ರ ಗೊತ್ತಿದ್ದದ್ದೇ. ಒಂದು ಮಾತು ಮಾತ್ರ: ಕೋರ್‌ಗೆ ಬಳಸುವ ಪವರ್ ಫೆರೈಟ್‌ಗಳಲ್ಲಿ ಹಲವಕ್ಕೆ ನಷ್ಟ ಅತಿ ಕಡಿಮೆಯಾಗುವುದು 80–100 ಡಿಗ್ರಿಯ ಹತ್ತಿರ. ತಾಮ್ರ ಹಾಗಲ್ಲ; 20ರಿಂದ 100 ಡಿಗ್ರಿಗೆ ಹೋದರೆ ಅದರ ಡಿಸಿ ರೋಧ ಸುಮಾರು 31% ಏರುತ್ತದೆ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲೇ 37 ಡಿಗ್ರಿ ಮುಟ್ಟುವಾಗ, ಫ್ಯಾನ್ ಇಲ್ಲದ ಪೆಟ್ಟಿಗೆಯೊಳಗಿನ ತಾಪ ಎಷ್ಟೆಂದು ಅಳೆದೇ ವಿನ್ಯಾಸ ಮಾಡ್ರಿ.

ಕೋರ್‌ನಲ್ಲಿ ಏರ್ ಗ್ಯಾಪ್ (ಬೇಕೆಂದೇ ಬಿಟ್ಟ ಸಣ್ಣ ಸಂದು) ಇದ್ದರೆ ತಾಮ್ರವನ್ನು ಅದರ ಬಾಯಿಂದ ದೂರ ಇಡಬೇಕು. ಅಲ್ಲಿ ಹೊರಗೆ ಉಬ್ಬುವ ಫ್ಲಕ್ಸ್ ಚಪ್ಪಟೆ ತಾಮ್ರವನ್ನು ನೇರವಾಗಿ ತೂರಿ ಸುಳಿ ಪ್ರವಾಹ ಎಬ್ಬಿಸುತ್ತದೆ. ಡೋವೆಲ್ ಸೂತ್ರ ಒಂದೇ ಆಯಾಮದ್ದು, ಇದನ್ನು ಹಿಡಿಯುವುದಿಲ್ಲ. ಕಾಂತಕ್ಷೇತ್ರದ ಲೆಕ್ಕ ಹಾಕುವ, ಉಚಿತವಾಗಿ ಸಿಗುವ ಎಫ್‌ಇಎಂಎಂ ತಂತ್ರಾಂಶದಲ್ಲಿ ಅಡ್ಡಕೊಯ್ತ ಬರೆದರೆ, ಗ್ಯಾಪ್ ಪಕ್ಕದ ಸುತ್ತಿನಲ್ಲಿ ಪ್ರವಾಹ ಎಲ್ಲಿ ಗುಂಪುಗೂಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.