ಕಾವಳದಲ್ಲಿ ಚದುರಿದ ಬೆಳಕು

ಮಳೆಗಾಲದಲ್ಲಿ ನಸುಕಿಗೇ ಆಗುಂಬೆ ಘಾಟಿ ಇಳಿದವರಿಗೆ ಈ ಫಜೀತಿ ಗೊತ್ತು. ಕಾವಳ ಕವಿದಾಗ ಹೆಡ್‌ಲೈಟ್ ಎತ್ತಿ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಚಿಕ್ಕಪ್ಪನನ್ನು ದೇಹದೊಳಗಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನಿಗೆಂದು ತೀರ್ಥಹಳ್ಳಿಯಿಂದ ಘಟ್ಟದ ಕೆಳಗೆ ಕರೆದೊಯ್ಯುವಾಗ ನಾನು ಆ ಕಾವಳಕ್ಕೆ ಶಾಪ ಹಾಕುತ್ತ ಕೂತಿದ್ದೆ. ಒಂದು ತಿರುವಿನಲ್ಲಿ ಡ್ರೈವರ್ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ. "ಕೆಳಗಿಂದ ಬಸ್ ಬರ್ತಿದೆ ಮಾರಾಯ್ರೆ." ಬಸ್ಸು ಎಲ್ಲೂ ಕಾಣುತ್ತಿರಲಿಲ್ಲ. ತಿರುವಿನಾಚೆಯ ಕಾವಳ ತುಸು ಅರಿಸಿನ ಬಣ್ಣಕ್ಕೆ ತಿರುಗಿತ್ತು, ಅಷ್ಟೇ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಒಂದು ಗಂಟೆ ಮಾತಾಡದೆ ಕೂರಬೇಕೆಂದರು. ದಿನವಿಡೀ ಅಡಿಕೆ ಮಂಡಿಯಲ್ಲಿ ಮಾತಾಡುವ ಚಿಕ್ಕಪ್ಪನಿಗೆ ಸೂಜಿಗಿಂತ ಅದೇ ಶಿಕ್ಷೆ. ಆ ಸೂಜಿಯಲ್ಲಿದ್ದದ್ದು ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಸಕ್ಕರೆಯಂಥ ವಸ್ತು. ಸುಮಾರು 110 ನಿಮಿಷಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಫ್ಲೋರಿನ್ ಉಗುಳಿದ ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನಿನ ಪ್ರತಿಕಣ, ಪಕ್ಕದ ಎಲೆಕ್ಟ್ರಾನಿಗೆ ತಾಗಿ ಎರಡೂ ಇಲ್ಲವಾಗುತ್ತವೆ. ಆಗ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಬೆನ್ನಿಗೆ ಬೆನ್ನು ಹಾಕಿ ಓಡುತ್ತವೆ. ಸುತ್ತಲಿನ ಉಂಗುರದಲ್ಲಿ ಅವು ಬಡಿದ ಎರಡು ಡಿಟೆಕ್ಟರುಗಳ ನಡುವೆ ಗೆರೆ ಎಳೆದರೆ, ಮೂಲ ಆ ಗೆರೆಯ ಮೇಲೆಯೇ ಇರಬೇಕು. ಇಂಥ ಲಕ್ಷಾಂತರ ಗೆರೆಗಳಿಂದ ಚಿತ್ರ ಮೂಡುತ್ತದೆ.

ಆದರೆ ದೇಹವೂ ಒಂದು ಕಾವಳವೇ. 7 ಸೆಂ.ಮೀ. ನೀರು ದಾಟುವಷ್ಟರಲ್ಲಿ ಈ ಫೋಟಾನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಯಾವುದಾದರೂ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಒಂದಿಷ್ಟು ಶಕ್ತಿ ಕಳೆದುಕೊಂಡು, ದಾರಿ ಬದಲಿಸುತ್ತವೆ. 1923ರಲ್ಲಿ ಆರ್ಥರ್ ಕಾಂಪ್ಟನ್ ವಿವರಿಸಿದ ಚದುರುವಿಕೆ ಇದು. ನಮ್ಮ ರಾಮನ್ ಪರಿಣಾಮಕ್ಕೆ ದಾಯಾದಿ. ಚದುರಿದ ಜೋಡಿಗೆ ಎಳೆದ ಗೆರೆ ಸುಳ್ಳು ಗೆರೆ. ಹಾಗಾಗಿ ಇವತ್ತಿನ ಯಂತ್ರಗಳು ಸುಮಾರು 425ಕ್ಕಿಂತ ಕಡಿಮೆ ಶಕ್ತಿಯವನ್ನು ಬಾಗಿಲಲ್ಲೇ ತಡೆಯುತ್ತವೆ. ಅದನ್ನೂ ದಾಟಿ ನುಸುಳಿದವು ಎಷ್ಟೆಂದು ಅಂದಾಜಿಸಿ ಲೆಕ್ಕದಿಂದ ಕಳೆಯುತ್ತವೆ. ದೇಹದೊಳಗೆ ಅಷ್ಟು ವಿಕಿರಣ ಇಟ್ಟು, ಹೊರಬಂದದ್ದರಲ್ಲಿ ದೊಡ್ಡ ಪಾಲನ್ನು ಕಸವೆಂದು ಎಸೆಯುವುದು ನನಗಂತೂ ದುಂದು ಅನ್ನಿಸುತ್ತದೆ.

ಯಾಕೆಂದರೆ ಚದುರಿದ ಫೋಟಾನ್ ತಾನು ಎಷ್ಟು ತಿರುಗಿದೆ ಎಂಬುದನ್ನು ತನ್ನ ಶಕ್ತಿಯಲ್ಲೇ ಬರೆದುಕೊಂಡು ಬರುತ್ತದೆ. 30 ಡಿಗ್ರಿ ತಿರುಗಿದರೆ 511 ಹೋಗಿ 451 ಆಗುತ್ತದೆ, 60ಕ್ಕೆ 341, 90ಕ್ಕೆ ಸರಿಯಾಗಿ ಅರ್ಧ. ತಿರುವಿನ ಕೋನ ಸಿಕ್ಕಿತೆಂದರೆ ಮುಂದಿನದು ಹೈಸ್ಕೂಲು ರೇಖಾಗಣಿತ. ಒಂದೇ ವೃತ್ತಖಂಡದಲ್ಲಿನ ಕೋನಗಳು ಸಮ ಎಂದು ಕಲಿತಿದ್ದೇವಲ್ಲ, ಅದನ್ನೇ ತಿರುಗಿಸಿ ಹಾಕಬೇಕು. ಎರಡು ಡಿಟೆಕ್ಟರುಗಳನ್ನು ಜೋಡಿಸುವ, ಅದೇ ಕೋನ ಕೊಡುವ ಕಂಸದ ಮೇಲೆಲ್ಲೋ ಫೋಟಾನ್ ತಿರುಗಿರಬೇಕು. ಆ ಕಂಸವನ್ನು ಎರಡೂ ಡಿಟೆಕ್ಟರು ಸೇರಿಸುವ ಗೆರೆಯ ಸುತ್ತ ಒಂದು ಸುತ್ತು ಹೊರಳಿಸಿ: ಎರಡೂ ತುದಿ ಚೂಪಾದ ತೊಂಡೆಕಾಯಿಯ ಆಕಾರ. ಚದುರಿದ್ದು ಅದರ ಸಿಪ್ಪೆಯ ಮೇಲೆ, ಮೂಲ ಇರುವುದು ತಿರುಳಿನೊಳಗೆ. ತಿರುವು ಚಿಕ್ಕದಿದ್ದಷ್ಟೂ ತೊಂಡೆಕಾಯಿ ಸಪೂರ; ತಿರುವೇ ಇಲ್ಲದಿದ್ದರೆ ಹಳೆಯ ಗೆರೆಯೇ. ಗೆರೆಗಳ ಜೊತೆ ತೊಂಡೆಕಾಯಿಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಚಿತ್ರ ಕಟ್ಟುವುದು, ಚದುರಿದವನ್ನೂ ಬಳಸಿಕೊಳ್ಳಲು ನಡೆದಿರುವ ಸಂಶೋಧನೆಯ ತಿರುಳು. ಔಷಧದ ಪ್ರಮಾಣ ಇಳಿಸಿದಾಗ, ಅಂದರೆ ಗೆರೆಗಳಿಗೇ ಬರ ಬಂದಾಗ, ಇದರ ಬೆಲೆ ಹೆಚ್ಚು.

ಹಾಗಿದ್ದರೆ ಎಲ್ಲ ಕಡೆ ಬಳಸುತ್ತಿಲ್ಲವೇಕೆ? ತಕ್ಕಡಿ ಸರಿಯಿಲ್ಲ. ಡಿಟೆಕ್ಟರ್ 450 ಎಂದು ತೋರಿಸಿದರೆ, ಶೇ. 10ರ ಮಸುಕಿನಲ್ಲಿ ಅದು 428 ಇರಬಹುದು, 473 ಇರಬಹುದು. ಕೋನಕ್ಕೆ ಇಳಿಸಿದರೆ 23ರಿಂದ 36 ಡಿಗ್ರಿ. ತೊಂಡೆಕಾಯಿ ಹೋಗಿ ಸೋರೆಕಾಯಿ! ಎರಡೆರಡು ಸಲ ಚದುರಿ ಬಂದವಕ್ಕಂತೂ ಈ ಲೆಕ್ಕವೇ ಹೊಂದದು. ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಎಂಬ ಅರೆವಾಹಕ ಶಕ್ತಿಯನ್ನು ಇದಕ್ಕಿಂತ ಎಷ್ಟೋ ನಿಖರವಾಗಿ ತೂಗುತ್ತದೆ. ಆದರೆ ಫೋಟಾನ್ ಬಂದ ಗಳಿಗೆ ಗುರುತಿಸುವುದರಲ್ಲಿ ಅದು ನಿಧಾನ. ಯಾವ ಫೋಟಾನಿಗೆ ಯಾವುದು ಜೋಡಿ ಎಂದು ಪೆಟ್ ಯಂತ್ರ ತೀರ್ಮಾನಿಸುವುದೇ ಆ ಗಳಿಗೆ ನೋಡಿಕೊಂಡು.